ಕ್ಷೇತ್ರಕಾಕು, ಯಂತ್ರಕಾಕು, ಅಂಕಿತ: ‘ಪ್ಲೇ’ ಎಂಬ ಧ್ವನಿಮುದ್ರಿಕೆಯ ವಿಮರ್ಶೆ

೧

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಕಾಕುವನ್ನು ಸ್ವರ, ರಾಗ, ಅನ್ಯರಾಗ, ದೇಶ, ಕ್ಷೇತ್ರ, ಯಂತ್ರಗಳ ಭೇದದಿಂದ ಆರು ತೆರನಾಗಿ ವಿಂಗಡಿಸಿದ್ದಾನೆ. ಇವುಗಳಲ್ಲಿ ಕೊನೆಯ ಎರಡು ಪ್ರಕೃತ ವಿಚಾರಕ್ಕೆ ಮುಖ್ಯವಾದುವು. ಕ್ಷೇತ್ರವೆಂದರೆ ಶರೀರ. ಒಂದೇ ರಾಗವನ್ನು ಇಬ್ಬರು ಹಾಡಿದಾಗ ಸ್ವರಗಳು ಅವೇ ಆದರೂ ಅವರವರ ದೇಹದಿಂದ ಹೊಮ್ಮುವ ನಾದದ ಛಾಯೆ ಬೇರೆ ಬೇರೆಯಾಗುವುದು, ಅದು ಕ್ಷೇತ್ರಕಾಕು. ವೀಣೆ, ಕೊಳಲು ಮೊದಲಾದ ವಾದ್ಯಗಳಿಂದ ಒದಗುವ ಛಾಯೆ ಯಂತ್ರಕಾಕು. ಇವೆರಡೂ ಒಂದೇ ಕೃತಿಯಲ್ಲಿ ಸಂಧಿಸಿದಾಗ ಯಾವುದು ಅಂಗಿ, ಯಾವುದು ಅಂಗ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತುವ ಒಂದು ಪಾಶ್ಚಾತ್ಯ ಧ್ವನಿಮುದ್ರಿಕಾಸಂಪುಟ ‘ಪ್ಲೇ’ ಎಂಬುದು. ನ್ಯೂಯಾರ್ಕಿನ ಮೋಬಿ ಎಂಬ ಹೆಸರಿನಿಂದ ಪ್ರಸಿದ್ಧನಾದ ರಿಚರ್ಡ್ ಮೆಲ್ವಿಲ್ ಹಾಲ್ ಇದನ್ನು ೧೯೯೯ರಲ್ಲಿ ಹೊರತಂದನು. ಹದಿನೆಂಟು ರಚನೆಗಳುಳ್ಳ ಇದರ ಪ್ರಮಾಣ ಒಂದು ಗಂಟೆಗೆ ತುಸು ಮಿಕ್ಕದ್ದು. ಆತನು ತನ್ನ ಮನೆಯಲ್ಲಿಯೇ ಯಂತ್ರಗಳನ್ನು ಹೂಡಿಕೊಂಡು ಸಿದ್ಧಪಡಿಸಿದ ಈ ಸಂಪುಟದ ಪ್ರತಿಗಳು ಜಗತ್ತಿನಲ್ಲಿ ಒಂದು ಕೋಟಿಗೂ ಮಿಗಿಲಾಗಿ ಮಾರಾಟವಾದುವು; ಇದರ ಗೀತಗಳು ಚಲಚ್ಚಿತ್ರಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಹರಡಿದುವು.

ಯಂತ್ರವು ಭಾವವನ್ನು ಕೊಲ್ಲುತ್ತದೆ ಎಂಬ ಅಭಿಪ್ರಾಯ ಪಂಡಿತರಲ್ಲಿಯೂ ಸಾಹಿತ್ಯದ ಅಧ್ಯಾಪಕರಲ್ಲಿಯೂ ಬೇರೂರಿದೆ. ದಾಸರ ಪದಗಳಿಗೆ ಎಲೆಕ್ಟ್ರಾನಿಕ್ ವಾದ್ಯಗಳನ್ನು ಹೊಂದಿಸುವ ರೂಢಿ ಬಲಿತಿರುವಾಗ, ಹರಿದಾಸರ ನೆಲವಾದ ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆಯಲ್ಲಿ ಈ ಮಾತು ಕೇಳಿಬರುವುದು ಆಶ್ಚರ್ಯವಲ್ಲ. ಆದರೆ ಆ ನಾಡಿನ ಪದಸಂಪ್ರದಾಯದಲ್ಲಿ ಪಳಗಿದ ಕಿವಿಯಿಂದ ಈ ಸಂಪುಟವನ್ನು ಕೇಳಿದರೆ ದೋಷವು ಯಂತ್ರದಲ್ಲಿಲ್ಲ, ಬೇರೊಂದೆಡೆ ಇದೆ ಎಂದು ತೋರುತ್ತದೆ. ಅದು ಯಾವುದೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

೨

ಸೋಲ್ ಎಂಬ ಇಂಗ್ಲಿಷ್ ಮಾತಿಗೆ ಆತ್ಮವೆಂದು ಅರ್ಥ. ಸಂಗೀತದಲ್ಲಿ ಆ ಹೆಸರು ಅಮೆರಿಕದ ಕರಿಯ ಜನಾಂಗದ ಒಂದು ಗಾನಶೈಲಿಗೆ ಸಂದಿದೆ. ಇಪ್ಪತ್ತನೆಯ ಶತಮಾನದ ಆರನೆಯ, ಏಳನೆಯ ದಶಕಗಳಲ್ಲಿ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಮೊದಲಾದವರಿಂದ ರೂಪುಗೊಂಡ ಈ ಶೈಲಿಯು ಚರ್ಚಿನ ಭಕ್ತಿಗೀತವನ್ನು ಲೌಕಿಕ ವಿಷಯಕ್ಕೆ ತಿರುಗಿಸಿದುದು. ಅದರ ಬೇರುಗಳಾದರೋ ಇನ್ನೂ ಹಿಂದಿನವು: ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ದಾಸ್ಯದ ಕಾಲದ ಜನರು ಹಾಡಿಕೊಂಡ ಆರ್ತಗೀತಗಳು, ಅವರ ಪ್ರಾರ್ಥನಾಮಂದಿರಗಳ ಮೇಳಗಾನ, ಬ್ಲೂಸ್ ಎಂಬ ಶೋಕಗೀತ. ಈ ಮೂರರಲ್ಲಿಯೂ ಪ್ರಧಾನವಾದದ್ದು ರಾಗದ ವಿಸ್ತಾರವಲ್ಲ, ಕಂಠದ ಕಾಕು. ಸ್ವರವು ತನ್ನ ಸ್ಥಾನದಿಂದ ಎಳ್ಳಷ್ಟು ಬಾಗಿ ನಿಲ್ಲುವುದು, ಮಾತಿನ ಕೊನೆಯಲ್ಲಿ ಉಸಿರು ಕೇಳಿಸುವುದು, ಕಂಠ ಒಡೆಯುವುದು, ಇವೆಲ್ಲವೂ ಅಲ್ಲಿ ಗುಣಗಳೇ. ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ, ಶರೀರದೊಡನೆಯೇ ಹುಟ್ಟಿಬಂದ ಧ್ವನಿಶಕ್ತಿಗೆ ಶಾರ್ಙ್ಗದೇವನು ಶಾರೀರವೆಂದು ಹೆಸರಿಟ್ಟಿದ್ದಾನೆ. ಕನ್ನಡಿಗರು ಇಂದಿಗೂ ಕಂಠಕ್ಕೆ ಶಾರೀರವೆಂದೇ ಹೇಳುವರು. ಸೋಲ್ ಸಂಗೀತವು ಈ ಶಾರೀರದ ಸಂಗೀತ.

ಎಲೆಕ್ಟ್ರಾನಿಕ್ ಸಂಗೀತವು ಇದಕ್ಕೆ ತೀರ ವಿರುದ್ಧವಾದ ದಿಕ್ಕಿನಿಂದ ಬಂದುದು. ತಂತಿಯೂ ಗಾಳಿಯೂ ಇಲ್ಲದೆ ವಿದ್ಯುತ್ತಿನ ಕಂಪನದಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಸರ್ ಎಂಬ ವಾದ್ಯವನ್ನು ರಾಬರ್ಟ್ ಮೂಗ್ ೧೯೬೪ರಲ್ಲಿ ತೋರಿಸಿದನು. ಮುಂದೆ ಮೃದಂಗ, ಭೇರಿಗಳ ಪ್ರಹಾರವನ್ನು ಅನುಕರಿಸಿ ದಣಿವಿಲ್ಲದೆ ತಾಳ ಹಾಕುವ ಯಂತ್ರಗಳೂ, ಹಿಂದೆ ಮುದ್ರಿತವಾದ ಯಾವುದೇ ಧ್ವನಿಯ ಒಂದು ತುಣುಕನ್ನು ಕತ್ತರಿಸಿ ಬೇಕಾದಷ್ಟು ಸಲ ನುಡಿಸಬಲ್ಲ ಸ್ಯಾಂಪ್ಲರ್ ಎಂಬ ಯಂತ್ರವೂ ಬಂದುವು. ಹೀಗೆ ಆವರ್ತಿಸುವ ತುಣುಕನ್ನು ಅಲ್ಲಿಯವರು ಲೂಪ್ ಎನ್ನುವರು; ಕುಣಿಕೆ ಎಂದರೆ ಕನ್ನಡದಲ್ಲಿ ಭಾವ ತಿಳಿಯುತ್ತದೆ.

ಮೋಬಿಗೆ ದೊರೆತ ತುಣುಕುಗಳ ಆಕರ ಗಮನಾರ್ಹವಾದುದು. ಜಾನ್ ಲೋಮ್ಯಾಕ್ಸ್, ಅವನ ಮಗ ಆಲನ್ ಲೋಮ್ಯಾಕ್ಸ್ ಎಂಬಿಬ್ಬರು ಜಾನಪದ ಸಂಗ್ರಾಹಕರು ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಳಲ್ಲಿ ಧ್ವನಿಮುದ್ರಣಯಂತ್ರವನ್ನು ಹೊತ್ತು ತಿರುಗಿ ಜನರ ಹಾಡುಗಳನ್ನು ಕೂಡಿಸಿದರು. ಆಲನ್ ೧೯೫೯ರಲ್ಲಿ ಮಾಡಿದ ಸಂಚಾರದ ಫಲವು ೧೯೯೩ರಲ್ಲಿ ‘ಸೌಂಡ್ಸ್ ಆಫ್ ದ ಸೌತ್’ ಎಂಬ ಸಂಚಯವಾಗಿ ಪುನಃ ಪ್ರಕಟವಾಯಿತು. ‘ಪ್ಲೇ’ ಸಂಪುಟದ ಪ್ರಮುಖ ಕಂಠಗಳು ಅದರಿಂದ ಬಂದುವು. ಅವುಗಳಲ್ಲಿ ಶ್ರೇಷ್ಠವಾದುದು ವೆರಾ ಹಾಲ್ ಎಂಬಾಕೆಯದು. ಅಲಬಾಮಾ ಪ್ರಾಂತದ ಲಿವಿಂಗ್‌ಸ್ಟನ್ ಊರಿನ ಬಳಿಯ ಈಕೆ ಪರರ ಮನೆಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು ಜೀವಿಸಿದವಳು. ೧೯೩೭ರಲ್ಲಿಯೇ ಜಾನ್ ಲೋಮ್ಯಾಕ್ಸನು ಈಕೆಯ ಹಾಡುಗಳನ್ನು ಮುದ್ರಿಸಿಕೊಂಡಿದ್ದನು. ಈಕೆ ತೀರಿಕೊಂಡದ್ದು ೧೯೬೪ರಲ್ಲಿ. ಈಕೆಯ ಕಂಠವು ಲೋಕವಿಖ್ಯಾತವಾದದ್ದು ಅದಾದ ಮೂವತ್ತೈದು ವರ್ಷಗಳ ಮೇಲೆ.

೩

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಶ್ರೋತೃವಿಗೆ ಈ ಕಂಠ ಅಪರಿಚಿತವಾಗಿ ಕೇಳಿಸುವುದಿಲ್ಲ. ಭಾಷೆ ಬೇರೆ, ಮತ ಬೇರೆ, ಸ್ವರಸಂಸ್ಥಾನ ಬೇರೆ. ಆದರೂ ಯಾವ ಪಕ್ಕವಾದ್ಯವೂ ಇಲ್ಲದೆ, ತನ್ನ ಸಂಕಟವನ್ನು ದೇವರೊಬ್ಬನೇ ಬಲ್ಲನೆಂದು ಹೇಳಿಕೊಳ್ಳುವ ಆ ಹಾಡಿನ ರೀತಿಯು ಹರಿದಾಸರ ಉಗಾಭೋಗವನ್ನು ನೆನಪಿಗೆ ತರುತ್ತದೆ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಉಸಿರೇ ಅದರ ಕಾಲಪ್ರಮಾಣ. ಮಾತು ಎಲ್ಲಿ ನಿಲ್ಲಬೇಕೆಂಬುದನ್ನು ಭಾವವೇ ನಿರ್ಣಯಿಸುವುದು.

ಇಂತಹ ಕಂಠವನ್ನು ‘ನ್ಯಾಚುರಲ್ ಬ್ಲೂಸ್’ ಎಂಬ ರಚನೆಯಲ್ಲಿ ಮೋಬಿ ಯಂತ್ರತಾಳಕ್ಕೆ ಕಟ್ಟಿದ್ದಾನೆ. ಆ ತಾಳವು ಮೊದಲಿನಿಂದ ಕಡೆಯವರೆಗೆ ಚತುರಶ್ರ ಗತಿಯಲ್ಲಿ ಕೂದಲೆಳೆಯಷ್ಟೂ ಸರಿಯದೆ ನಡೆಯುವುದು. ಶ್ರೋತೃವು ಇಲ್ಲಿ ಭಾವಹಾನಿಯನ್ನು ನಿರೀಕ್ಷಿಸುವನು. ಆಗುವುದು ಬೇರೆಯೇ. ತಾಳಶಾಸ್ತ್ರದಲ್ಲಿ ಗೀತದ ಉಪಕ್ರಮವೂ ತಾಳದ ಉಪಕ್ರಮವೂ ಕೂಡಿಬಂದರೆ ಸಮಗ್ರಹವೆಂದೂ, ಒಂದಕ್ಕಿಂತ ಇನ್ನೊಂದು ಮುಂಚೆ ಅಥವಾ ಬಳಿಕ ಬಂದರೆ ಅತೀತ, ಅನಾಗತಗ್ರಹಗಳೆಂದೂ ವ್ಯವಹಾರವುಂಟು. ವೆರಾ ಹಾಲಳ ಮಾತುಗಳು ಯಂತ್ರದ ಪೆಟ್ಟಿಗೆ ಸರಿಯಾಗಿ ಬಂದು ಬೀಳುವುದಿಲ್ಲ. ಒಮ್ಮೆ ತುಸು ಮುಂಚೆ, ಒಮ್ಮೆ ತುಸು ತಡೆದು, ಆಕೆಯ ಉಸಿರು ಹೋದಂತೆ ಹೋಗುವುವು. ಮನುಷ್ಯನು ತಾಳ ಹಾಕಿದ್ದರೆ ಗಾಯಕಿಯನ್ನು ಅನುಸರಿಸಿ ಅಲ್ಪಸ್ವಲ್ಪ ಬಾಗುತ್ತಿದ್ದನು. ಈ ಅಂತರವು ಮರೆಯಾಗುತ್ತಿತ್ತು. ಬಾಗದ ಯಂತ್ರದ ಪಕ್ಕದಲ್ಲಿ ಬಾಗುವ ಕಂಠವು ಇನ್ನೂ ಮನುಷ್ಯಸಹಜವಾಗಿ ಕೇಳಿಸುತ್ತದೆ. ಗೆರೆ ಎಳೆದ ಗೋಡೆಯ ಮುಂದೆ ನಿಂತ ಬಳ್ಳಿಯ ಬಳುಕು ಎದ್ದು ಕಾಣುವ ಹಾಗೆ, ಯಂತ್ರಕಾಕುವು ಕ್ಷೇತ್ರಕಾಕುವನ್ನು ನುಂಗದೆ ವ್ಯಕ್ತಪಡಿಸುತ್ತದೆ. ಇಲ್ಲಿ ಕಂಠವೇ ಅಂಗಿ, ಯಂತ್ರವೇ ಅಂಗ. ಯಂತ್ರವು ಭಾವವನ್ನು ಕೊಲ್ಲುತ್ತದೆಂಬ ಸಾಮಾನ್ಯೋಕ್ತಿ ಈ ಒಂದು ಉದಾಹರಣೆಯಿಂದಲೇ ಶಿಥಿಲವಾಗುತ್ತದೆ. ಬೆಂಗಳೂರಿನ ರಾಜ್ ನಾರಾಯಣ್ ಅವರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದ ಬಳಿಕ ಸಂಪ್ರದಾಯನಿಷ್ಠ ವಿದ್ವಾಂಸರೂ ಅದರ ಶ್ರುತಿಯಲ್ಲಿ ಹಾಡಿರುವರೆಂಬುದನ್ನು ನೆನೆದರೆ ಈ ಮಾತು ಇನ್ನೂ ದೃಢವಾಗುವುದು.

ಆದರೂ ಒಂದು ನ್ಯೂನತೆಯನ್ನು ಹೇಳಲೇಬೇಕು. ವಿಜಯದಾಸರ ಸುಳಾದಿಗಳನ್ನು ಬಲ್ಲವರಿಗೆ ತಾಳವೆಂಬುದು ಬರಿಯ ಕಾಲಮಾನವಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳವು ಬದಲಾದಂತೆ ವಿಚಾರವೂ ಒಂದು ಮೆಟ್ಟಿಲೇರುತ್ತದೆ. ಕೊನೆಯ ಜತೆಯಲ್ಲಿ ಎಲ್ಲವೂ ಸಂಗ್ರಹವಾಗುತ್ತದೆ. ‘ಪ್ಲೇ’ ಸಂಪುಟದ ಗೀತಗಳಲ್ಲಿ ಇಂತಹ ಆರೋಹಣವಿಲ್ಲ. ವಾದ್ಯಗಳು ಒಂದರ ಮೇಲೊಂದು ಸೇರಿ ನಾದವು ದಟ್ಟವಾಗುವುದು, ಮತ್ತೆ ತೆಳುವಾಗುವುದು. ಗತಿ ಮಾತ್ರ ಅದೇ. ಸಂಪುಟದ ಉತ್ತರಾರ್ಧದಲ್ಲಿ, ಹಳೆಯ ಕಂಠಗಳು ವಿರಳವಾಗಿ ಬರಿಯ ವಾದ್ಯರಚನೆಗಳೂ ಮೋಬಿಯ ಸ್ವಂತ ಮೆಲುದನಿಯೂ ಉಳಿದಾಗ, ಈ ಏಕತಾನತೆಯು ಬೇಸರವನ್ನೇ ತರುತ್ತದೆ. ಅಂಗಿಯು ಹೋದ ಮೇಲೆ ಅಂಗವು ಒಂಟಿಯಾಗಿ ನಿಲ್ಲಲಾರದು.

೪

ಎರಡನೆಯ ವಿಚಾರವು ಪುನರುಕ್ತಿಯದು. ಕುಣಿಕೆಯ ಸಂಗೀತವೆಂದರೆ ಪುನರುಕ್ತಿಯ ಸಂಗೀತವೇ. ಆಲಂಕಾರಿಕರು ಪುನರುಕ್ತಿಯನ್ನು ದೋಷಗಳಲ್ಲಿ ಎಣಿಸಿರುವರು. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಹೇಳಿದ ಮಾತನ್ನೇ ಹೇಳುವುದನ್ನು ಕಥಿತಪದವೆಂದು ದೂಷಿಸಿ, ಅದು ಗುಣವಾಗುವ ಸ್ಥಳಗಳನ್ನೂ ತೋರಿಸಿದ್ದಾನೆ. ಆ ಸ್ಥಳಗಳಲ್ಲಿ ಆನಂದವರ್ಧನನು ನಿರೂಪಿಸಿದ ಅರ್ಥಾಂತರಸಂಕ್ರಮಿತವಾಚ್ಯ ಧ್ವನಿ ಒಂದು: ಪದವು ಅದೇ, ಆದರೆ ಎರಡನೆಯ ಸಲ ಬಂದಾಗ ಅದು ಮೊದಲಿನ ಅರ್ಥದಲ್ಲಿ ನಿಲ್ಲದೆ ಇನ್ನೊಂದು ಅರ್ಥಕ್ಕೆ ದಾಟಿರುತ್ತದೆ. ದಾಸರ ಪದಗಳ ಪಲ್ಲವಿಯು ಇದಕ್ಕೆ ಒಳ್ಳೆಯ ನಿದರ್ಶನ. ಪ್ರತಿಯೊಂದು ಚರಣದ ಬಳಿಕವೂ ಪಲ್ಲವಿ ಮರಳಿ ಬರುತ್ತದೆ. ಬರುವಾಗ ಆ ಚರಣದ ಅರ್ಥವನ್ನು ಹೊತ್ತು ಬರುತ್ತದೆ. ಮೊದಲ ಸಲ ಬರಿಯ ಬಿನ್ನಹವಾಗಿದ್ದುದು ಕೊನೆಯ ಸಲ ಶರಣಾಗತಿಯಾಗಿರುತ್ತದೆ.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಸಂಪುಟದ ಮೂರು ಪ್ರಸಿದ್ಧ ಗೀತಗಳ ತಾರತಮ್ಯ ಸ್ಪಷ್ಟವಾಗುತ್ತದೆ.

‘ನ್ಯಾಚುರಲ್ ಬ್ಲೂಸ್’ ಗೀತದಲ್ಲಿ ಮೂಲದ ಚರಣಗಳನ್ನು ಉಳಿಸಿಕೊಳ್ಳಲಾಗಿದೆ. ಒಂದು ಚರಣದಲ್ಲಿ ಆತ್ಮವು ದಿನವೆಲ್ಲ ಹರ್ಷಗೊಂಡ ವಾರ್ತೆ. ಇನ್ನೊಂದರಲ್ಲಿ ಕೋಣೆಯನ್ನು ಹೊಕ್ಕು ಹಾಸಿಗೆಯ ಮೇಲೆ ಸೋದರನ ಶವವನ್ನು ಕಂಡ ವಾರ್ತೆ. ಹರ್ಷದ ಬಳಿಕ ಬರುವ ಪಲ್ಲವಿಗೂ ಮರಣದ ಬಳಿಕ ಬರುವ ಪಲ್ಲವಿಗೂ ಅಕ್ಷರಭೇದವಿಲ್ಲ, ಅರ್ಥಭೇದ ಅಪಾರ. ಇಲ್ಲಿ ಪುನರುಕ್ತಿಯು ಧ್ವನಿಗೆ ಕಾರಣವಾಗಿದೆ.

‘ವೈ ಡಸ್ ಮೈ ಹಾರ್ಟ್ ಫೀಲ್ ಸೋ ಬ್ಯಾಡ್’ ಎಂಬುದರಲ್ಲಿ ಚರಣಗಳಿಲ್ಲ. ಎದೆಯೇಕೆ ಇಷ್ಟು ನೊಂದಿದೆ ಎಂಬ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಚರಣಗಳು ಮಾಡಬೇಕಾದ ಕಾರ್ಯವನ್ನು ಇಲ್ಲಿ ಯಂತ್ರವು ವಹಿಸಿಕೊಂಡಿದೆ: ಕಂಠದ ಕೆಳಗೆ ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳು ಬದಲಾಗುತ್ತ ಹೋದಂತೆ ಅದೇ ಪ್ರಶ್ನೆ ಒಮ್ಮೆ ನಿರಾಶೆಯಾಗಿಯೂ ಇನ್ನೊಮ್ಮೆ ಸಾಂತ್ವನದ ನಿರೀಕ್ಷೆಯಾಗಿಯೂ ಪರಿಣಮಿಸುತ್ತದೆ. ಭಾರತೀಯ ಪದ್ಧತಿಯಲ್ಲಿ ಇಂತಹ ಸ್ವರಗುಚ್ಛಗಳಿಗೆ ಸ್ಥಾನವಿಲ್ಲದಿದ್ದರೂ ಅವುಗಳ ಈ ವ್ಯಂಜಕತ್ವವನ್ನು ಸಹೃದಯನು ಅಲ್ಲಗಳೆಯಲಾರನು.

ಮೂರನೆಯದು ‘ಹನೀ’. ಜೇನೆಂಬ ಅರ್ಥದ ಈ ಮಾತು ಅಲ್ಲಿ ಪ್ರಿಯನ ಸಂಬೋಧನೆ. ಜಾರ್ಜಿಯಾ ಪ್ರಾಂತದ ಬೆಸ್ಸಿ ಜೋನ್ಸ್ ಎಂಬ ಹಿರಿಯ ಗಾಯಕಿಯ ಹಾಡಿನಿಂದ ಕೆಲವೇ ಮಾತುಗಳನ್ನು ಕತ್ತರಿಸಿ ಪಿಯಾನೋದ ಒಂದು ಆವರ್ತನದ ಮೇಲೆ ಕೂರಿಸಿದೆ. ಕಾಲು ತಾನಾಗಿ ತಾಳ ಹಾಕುವಂತಹ ಬಂಧವಿದು. ಆದರೆ ಹತ್ತನೆಯ ಸಲ ಬಂದಾಗಲೂ ಮಾತು ಮೊದಲನೆಯ ಸಲ ಎಲ್ಲಿತ್ತೋ ಅಲ್ಲಿಯೇ ಇದೆ. ಅದು ಯಾವ ಅರ್ಥಕ್ಕೂ ದಾಟಲಿಲ್ಲ. ಸಾಮಗಾನದ ಸ್ತೋಭಾಕ್ಷರದಂತೆ ನಾದಕ್ಕೆ ಆಧಾರವಾಗಿ ಮಾತ್ರ ನಿಂತಿತು. ಸ್ತೋಭವು ಮೊದಲೇ ಅರ್ಥನಿರಪೇಕ್ಷವಾದುದು. ಈ ಮಾತಾದರೋ ಅರ್ಥವುಳ್ಳದ್ದಾಗಿದ್ದು ಸ್ತೋಭವಾಗುವಂತೆ ಮಾಡಲ್ಪಟ್ಟುದು. ಎದುರುನೋಡುತ್ತಿದ್ದ ಒಬ್ಬ ಹೆಂಗಸು ಹೋಗಿ ಒಂದು ಇಂಪಾದ ಸದ್ದು ಉಳಿಯಿತು. ಸಂಪುಟದ ಗುಣದೋಷಗಳೆರಡೂ ಈ ಎರಡು ಸ್ತ್ರೀಕಂಠಗಳ ನಡುವಣ ಅಂತರದಲ್ಲಿ ಅಡಗಿವೆ.

೫

ಹೀಗೆ ನೋಡಿದಾಗ ದೋಷವು ಯಂತ್ರದ್ದಲ್ಲ, ಛೇದನದ್ದು ಎಂದು ತೋರುತ್ತದೆ. ಯಾವುದನ್ನು ಕತ್ತರಿಸಿದರೆ ಹಾಡು ಸಾಯುತ್ತದೆ, ಯಾವುದನ್ನು ಕತ್ತರಿಸಿದರೂ ಬದುಕುತ್ತದೆ ಎಂಬುದನ್ನು ತಿಳಿಯಲು ಹರಿದಾಸರ ಅಂಕಿತಪದ್ಧತಿಯು ಸಹಾಯಕವಾಗುವುದು.

ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು (೧೬೮೨–೧೭೫೫) ವಿಜಯವಿಠಲ ಎಂಬ ಅಂಕಿತದಿಂದ ಹಾಡಿದರು. ಅವರ ಶಿಷ್ಯರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಅಂಕಿತ ಗೋಪಾಲವಿಠಲ. ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರಾಗಿದ್ದು, ಕನ್ನಡ ಪದಗಳನ್ನು ಹಾಡುವವರೆಂದು ವಿಜಯದಾಸರನ್ನು ಲಘುವಾಗಿ ಎಣಿಸಿ ವ್ಯಾಧಿಗೀಡಾಗಿ, ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ ಜಗನ್ನಾಥವಿಠಲರಾದರೆಂದು ಸಂಪ್ರದಾಯದ ಹೇಳಿಕೆ. ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು ಅವರೇ. ಶಾಸ್ತ್ರವನ್ನು ಬಲ್ಲವನು ಜನರ ಹಾಡನ್ನು ಕೀಳೆಂದು ತಳ್ಳಬಾರದೆಂಬುದಕ್ಕೆ ಈ ಕಥೆಗಿಂತ ಬೇರೆ ಪ್ರಮಾಣ ಆ ನಾಡಿನಲ್ಲಿ ಬೇಕಿಲ್ಲ.

ಅಂಕಿತವೆಂಬುದು ಕರ್ತೃವಿನ ಸ್ವಾಮ್ಯಸೂಚಕವೆಂದು ತಿಳಿಯುವುದು ಸ್ಥೂಲದೃಷ್ಟಿ. ಅದು ದೇವರ ನಾಮ, ಗುರುಪರಂಪರೆಯಿಂದ ದೊರೆತುದು, ದಾಸನ ಹೆಸರು ಅದರೊಳಗೆ ಲೀನವಾಗಿರುವುದು. ಹಾಡು ಯಾರಿಂದ ಹೊರಟಿತು, ಯಾರ ಕಡೆಗೆ ಹೋಗುತ್ತಿದೆ ಎಂಬೆರಡನ್ನೂ ಒಂದೇ ಪದದಲ್ಲಿ ಹೇಳುವ ಮುದ್ರಿಕೆಯದು. ವಿಜಯದಾಸರು ಶಿವನ ಮೇಲೆ ರಚಿಸಿದ ಪದವನ್ನು ಗದುಗಿನ ಭೀಮಸೇನ ಜೋಶಿಯವರು ಹಿಂದುಸ್ತಾನಿ ಶೈಲಿಯಲ್ಲಿ ಹಾಡಿದುದು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧ. ಕ್ಷೇತ್ರ ಬೇರೆ, ಶೈಲಿ ಬೇರೆ, ಕಾಲ ಬೇರೆ. ಆದರೂ ಆ ಪದ ಚೀಕಲಪರ್ವಿಯದೆಂಬುದಕ್ಕೆ ಪದದೊಳಗೇ ಸಾಕ್ಷಿಯುಂಟು.

ವೆರಾ ಹಾಲಳ ಹಾಡಿನಲ್ಲಿ ಇಂತಹ ಅಂಕಿತವಿಲ್ಲ. ಹಾಡಾದರೂ ಆಕೆಯೇ ಕಟ್ಟಿದುದೆಂದು ಹೇಳಬರುವುದಿಲ್ಲ. ಅದು ಜನಾಂಗದ ಸೊತ್ತು. ಸಂಪುಟದೊಡನೆ ಬಂದ ಮುದ್ರಿತ ಪತ್ರದಲ್ಲಿ ಮೂಲದ ಉಲ್ಲೇಖವುಂಟು, ಲೋಮ್ಯಾಕ್ಸರಿಗೆ ಕೃತಜ್ಞತೆಯುಂಟು. ಮೋಬಿಯ ಮೇಲೆ ಚೌರ್ಯದ ಆರೋಪವನ್ನು ಹೊರಿಸುವುದು ಯುಕ್ತವಲ್ಲ. ಆದರೆ ಪತ್ರವು ಹಾಡಿನ ಹೊರಗಿರುವುದು. ಅಂಗಡಿಯಲ್ಲಿಯೋ ಜಾಹೀರಾತಿನಲ್ಲಿಯೋ ಆ ಕಂಠವನ್ನು ಕೇಳಿದ ಲಕ್ಷಾಂತರ ಜನರಿಗೆ ಅದು ಮೋಬಿಯ ಹಾಡಾಗಿ ಕೇಳಿಸಿತೇ ಹೊರತು ಲಿವಿಂಗ್‌ಸ್ಟನ್ನಿನ ಅಡುಗೆಯಾಕೆಯದಾಗಿ ಅಲ್ಲ.

ಇಲ್ಲಿ ಎರಡು ಪರಂಪರೆಗಳ ವಿಚಿತ್ರವಾದ ವ್ಯತ್ಯಾಸವೊಂದು ಗೋಚರಿಸುತ್ತದೆ. ದಾಸರ ಪದಗಳನ್ನು ಕೂಡಿಸಿದವರು ಲೇಖನಿ ಹಿಡಿದವರು. ೧೮೫೦ರಲ್ಲಿ ಮೋಗ್ಲಿಂಗ್ ಪಾದ್ರಿಯು ಮಂಗಳೂರಿನಲ್ಲಿ ‘ದಾಸರ ಪದಗಳು’ ಸಂಗ್ರಹವನ್ನು ಅಚ್ಚು ಹಾಕಿಸಿದನು. ಎಡೆದೊರೆ ನಾಡಿನಲ್ಲಿಯೇ ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನಿಂದ ಹರಿದಾಸಸಾಹಿತ್ಯವನ್ನು ಶೋಧಿಸಿ ಪ್ರಕಟಿಸಿದರು. ಇವರಿಂದ ಪದ ಉಳಿಯಿತು, ಅಂಕಿತ ಉಳಿಯಿತು. ವಿಜಯದಾಸರ ಕಂಠ ಹೇಗಿತ್ತು, ಅವರು ಯಾವ ಮಾತಿನ ಮೇಲೆ ನಿಲ್ಲುತ್ತಿದ್ದರು ಎಂಬುದನ್ನು ಉಳಿಸುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ಲೋಮ್ಯಾಕ್ಸರಾದರೋ ಯಂತ್ರ ಹಿಡಿದವರು. ಅವರಿಂದ ಕಂಠವೇ ಉಳಿಯಿತು, ಉಸಿರು ಸಹ ಉಳಿಯಿತು. ಒಂದೆಡೆ ನಾಮ ಉಳಿದು ನಾದ ಅಳಿದಿದೆ. ಇನ್ನೊಂದೆಡೆ ನಾದ ಉಳಿದು ನಾಮ ಮಸುಳಿದೆ. ವೆರಾ ಹಾಲಳ ಕ್ಷೇತ್ರಕಾಕುವೇ ಆಕೆಯ ಅಂಕಿತವೆಂದು ಹೇಳಬಹುದು. ಬೇರೆ ಯಾವ ದೇಹದಿಂದಲೂ ಆ ಛಾಯೆ ಬರಲಾರದು. ಆದರೆ ಆ ಅಂಕಿತವು ಬಲ್ಲವರಿಗೆ ಮಾತ್ರ ಓದಲು ಬರುವಂತಹುದು. ಬಲ್ಲವರು ಹೇಳದಿದ್ದರೆ ಅದು ಲಿಪಿ ಮರೆತುಹೋದ ಶಾಸನವಾಗುವುದು.

೬

ಈ ವಿಮರ್ಶೆಯ ಫಲವು ಪರದೇಶದ ಒಂದು ಸಂಪುಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ರಾಯಚೂರಿನ ಮನೆಮನೆಗಳಲ್ಲಿ ಇಂದು ದಾಸರ ಪದವನ್ನು ಭಜನೆಯಲ್ಲಿ ಕೇಳುವಂತೆಯೇ ಅಂಗೈಯಲ್ಲಿ ಹಿಡಿದ ದೂರವಾಣಿಯಲ್ಲಿಯೂ ಕೇಳಬಹುದು. ಅಲ್ಲಿ ಯಂತ್ರತಾಳ ಇರಬಹುದು, ಸಿಂಥಸೈಸರ್ ಇರಬಹುದು. ಅದಕ್ಕಾಗಿ ಪಂಡಿತರು ಮುಖ ತಿರುಗಿಸಬೇಕಾದ ಕಾರಣವಿಲ್ಲ. ತಂಬೂರಿ, ತಾಳ, ಗೆಜ್ಜೆಗಳೂ ಒಂದು ಕಾಲಕ್ಕೆ ದಾಸರು ಕೈಗೆತ್ತಿಕೊಂಡ ಯಂತ್ರಗಳೇ. ಆದರೆ ಪದವನ್ನು ನಿಮಿಷಾರ್ಧದ ತುಣುಕಾಗಿ ಕತ್ತರಿಸಿದಾಗ ಮೊದಲು ಬಿದ್ದುಹೋಗುವುದು ಕೊನೆಯ ಚರಣ. ಅಂಕಿತವಿರುವುದು ಆ ಚರಣದಲ್ಲಿಯೇ. ಪಲ್ಲವಿಯೊಂದೇ ಸುತ್ತುತ್ತಿರುವಾಗ ಪದವು ‘ಹನೀ’ ಗೀತದ ದಾರಿಯನ್ನು ಹಿಡಿಯುವುದು: ಇಂಪು ಇರುತ್ತದೆ, ಹಾಡಿದವರು ಇರುವುದಿಲ್ಲ, ಹಾಡಿಸಿಕೊಂಡವನೂ ಇರುವುದಿಲ್ಲ.

ಆದುದರಿಂದ ಯಂತ್ರದೊಡನೆ ಕೂಡಿದ ಗೀತವನ್ನು ಪರೀಕ್ಷಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಕಂಠದ ಕಾಕುವನ್ನು ಯಂತ್ರವು ಎತ್ತಿ ತೋರಿಸಿದೆಯೆ, ಅಥವಾ ತೊಡೆದುಹಾಕಿದೆಯೆ? ಮರ ಮರಳಿ ಬರುವ ಮಾತು ಎಲ್ಲಿಗಾದರೂ ದಾಟುತ್ತಿದೆಯೆ, ಅಥವಾ ನಿಂತಲ್ಲಿಯೇ ಸುತ್ತುತ್ತಿದೆಯೆ? ಎರಡಕ್ಕೂ ಸದುತ್ತರ ದೊರೆಯುವ ‘ನ್ಯಾಚುರಲ್ ಬ್ಲೂಸ್’ ಯಂತ್ರಯುಗದ ಸತ್ಕೃತಿಗಳಲ್ಲಿ ಎಣಿಸತಕ್ಕದ್ದು. ‘ಪ್ಲೇ’ ಸಂಪುಟ ಸಮಗ್ರವಾಗಿ ಅಂತಹದಲ್ಲ; ಅದರ ಉತ್ತಮಾಂಶ ಅದು ಸಾಲವಾಗಿ ಪಡೆದ ಕಂಠಗಳಲ್ಲಿದೆ. ಆ ಸಾಲವನ್ನು ತೀರಿಸುವ ಕಾರ್ಯದಲ್ಲಿ ಕೇಳುವವರಿಗೂ ಕಲಿಸುವವರಿಗೂ ಪಾಲುಂಟು. ತರಗತಿಯಲ್ಲಿ ಈ ಗೀತವನ್ನು ಕೇಳಿಸುವ ಅಧ್ಯಾಪಕರು ಮೋಬಿಯ ಹೆಸರಿಗಿಂತ ಮೊದಲು ವೆರಾ ಹಾಲಳ ಹೆಸರನ್ನು ಹೇಳಬೇಕು; ದಾಸರ ಪದವನ್ನು ಯಾವ ವಾದ್ಯದೊಡನೆ ಕೇಳಿಸಿದರೂ ಅಂಕಿತದ ಚರಣವನ್ನು ಬಿಡದೆ ಕೇಳಿಸಬೇಕು.